ಅಪ್ಪನ ಎಕ್ಸ್-ರೇಗಳು

ಸುಂಟಿಕೊಪ್ಪ, 28 ಫೆಬ್ರವರಿ 2025, ಶುಕ್ರವಾರ

ಕೋಲಾರದ ಚಿನ್ನದ ಗಣಿ ಮುಚ್ಚಿ ಇಂದಿಗೆ 24 ವರ್ಷ. ಬೆಳಿಗ್ಗೆ ಅಪ್ಪ ನಮ್ಮ ಕಾಫಿ ಕಣದವರೆಗೆ ನಡೆದು ಬಂದರು. ಐವತ್ತು ಹೆಜ್ಜೆಯ ಆ ಏರಿನಲ್ಲಿ ಮೂರು ಸಲ ನಿಂತು ಉಸಿರು ಎಳೆದುಕೊಂಡರು.

ಅವರು ಚಾಂಪಿಯನ್ ರೀಫ್‌ನಲ್ಲಿ ಬಂಡೆ ಕೊರೆಯುತ್ತಿದ್ದವರು. ಮೂರು ಕಿಲೋಮೀಟರಿಗೂ ಆಳವಾಗಿದ್ದ ಆ ಗಣಿಯ ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಿಗಿದ ಕಲ್ಲು ಹಠಾತ್ತನೆ ಸಿಡಿದಾಗ ನಮ್ಮ ಲೈನ್ ಮನೆಯ ಪಾತ್ರೆಗಳು ಅಲುಗುತ್ತಿದ್ದವು, ಅಮ್ಮ ಒಲೆ ಆರಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಂತಹ ಒಂದು ದಿನ ಸೊಂಟದವರೆಗೆ ಹೂತುಹೋಗಿದ್ದ ಅಪ್ಪನನ್ನು, ಬಂಡೆ ಮತ್ತೆ ಸಿಡಿಯಬಹುದೆಂದು ತಿಳಿದೂ, ಜೊತೆಯ ನಾಲ್ವರು ಬರಿಗೈಯಲ್ಲಿ ಕಲ್ಲು ಸರಿಸಿ ಹೊರಗೆಳೆದರು. ಆ ನಾಲ್ವರಲ್ಲಿ ಮೂವರು ಮುಂದೆ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್‌ನಿಂದ ತೀರಿಕೊಂಡರು.

ಕೊರೆಯುವಾಗ ಏಳುವ ಸಿಲಿಕಾದ ಅತಿ ಸಣ್ಣ ದೂಳು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕುಳಿತು, ತನ್ನನ್ನು ನುಂಗಲು ಬಂದ ಜೀವಕೋಶಗಳನ್ನೇ ಕೊಂದು, ಸುತ್ತ ಗಂಟು ಕಟ್ಟಿಸುತ್ತದೆ. ಕೆಲಸ ಬಿಟ್ಟ ಮೇಲೂ ಆ ಗಂಟುಗಳು ಬೆಳೆಯಬಲ್ಲವು, ಕ್ಷಯ ಸುಲಭವಾಗಿ ತಗಲುತ್ತದೆ, ಗಂಟು ಕರಗಿಸುವ ಔಷಧ ಇನ್ನೂ ಇಲ್ಲ. ಇಲ್ಲಿಗೆ ಬಂದ ಮೇಲೆ ಅಪ್ಪನನ್ನು ನೋಡಿದ ವೈದ್ಯರೊಬ್ಬರು ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಲೇ ಇಲ್ಲ. ಅವರಿಗಿದ್ದ ಸಿಲಿಕೋಸಿಸ್ ಅನ್ನು ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದರು. ಆ ನೋವು ನನಗೆ ಇನ್ನೂ ಆರಿಲ್ಲ.

ಈ ಕಾಯಿಲೆಯ ಅಧ್ಯಯನಕ್ಕೆ ಹಳೆಯ ಎಕ್ಸ್-ರೇ ಬೇಕೆಂದು ಸಂಶೋಧಕರು ಕೇಳಿದ್ದರು. ಮಧ್ಯಾಹ್ನ ಅಪ್ಪ ತಗಡಿನ ಟ್ರಂಕ್ ತೆಗೆದು ಹನ್ನೊಂದು ಫಿಲ್ಮ್‌ಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರು. ಒಂದೊಂದನ್ನೇ ಕಿಟಕಿಗೆ ಹಿಡಿದೆ. ಮೊದಲನೆಯದು ತಿಳಿಯಾಗಿತ್ತು, ಐದನೆಯದರಲ್ಲಿ ಎದೆಯ ಮೇಲ್ಭಾಗದಲ್ಲಿ ರವೆ ಉದುರಿಸಿದಂತೆ ಬಿಳಿ ಚುಕ್ಕಿಗಳು, ಕೊನೆಯದರಲ್ಲಿ ಚುಕ್ಕಿಗಳು ಕೂಡಿಕೊಂಡು ಮೋಡವಾಗಿದ್ದವು. ಒಬ್ಬನೇ ಮನುಷ್ಯನ ಎದೆಯಲ್ಲಿ ರೋಗ ಹೇಗೆ ಬೆಳೆಯಿತೆಂದು ಇಷ್ಟು ವರ್ಷಗಳ ಉದ್ದಕ್ಕೂ ತೋರಿಸುವ ದಾಖಲೆ ಎಷ್ಟು ಮನೆಗಳಲ್ಲಿ ಗೆದ್ದಲು ಹಿಡಿಯುತ್ತಿದೆಯೋ!

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಅಪ್ಪನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸಂಜೆ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಗೆ, ತಮ್ಮನ್ನು ಎಳೆದು ತಂದವರಲ್ಲಿ ಒಬ್ಬರ ಹೆಂಡತಿಗೆ ಫೋನ್ ಮಾಡಿಸಿದರು. “ಅವನ ಫಿಲ್ಮ್ ಬಿಸಾಡಿಲ್ಲ ತಾನೇ, ತಂಗಿ?” ಎಂದವರು ಉಸಿರಿಗಾಗಿ ನಿಂತರು; ಆಕೆ ಅಟ್ಟ ಹತ್ತಿ ಹುಡುಕುವವರೆಗೂ ಫೋನ್ ಇಡಲಿಲ್ಲ.