ಬುಡಾಪೆಸ್ಟ್ ದಿನಚರಿ: ಕಾಯ್ದೆ ಜಾರಿಗೆ ಬಂದ ದಿನ

8 ಆಗಸ್ಟ್ 2025, ಶುಕ್ರವಾರ

ಯುರೋಪಿಯನ್ ಒಕ್ಕೂಟದ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆಯ ಬಹುತೇಕ ನಿಯಮಗಳು ಇಂದಿನಿಂದ ಅನ್ವಯವಾಗುತ್ತವೆ. ಸರ್ಕಾರಿ ಜಾಹೀರಾತಿನ ಹಣ ಯಾರಿಗೆ ಎಷ್ಟು ಹೋಯಿತೆಂಬುದನ್ನು ಬಹಿರಂಗಪಡಿಸಬೇಕು, ಪತ್ರಿಕೆಯ ನಿಜವಾದ ಮಾಲೀಕರು ಯಾರೆಂಬುದು ಓದುಗರಿಗೆ ತಿಳಿಯಬೇಕು, ಸಾರ್ವಜನಿಕ ಪ್ರಸಾರ ಸಂಸ್ಥೆಯ ಮುಖ್ಯಸ್ಥರನ್ನು ಮನಬಂದಂತೆ ಕಿತ್ತುಹಾಕುವಂತಿಲ್ಲ. ಹಂಗೆರಿ ಸರ್ಕಾರವಂತೂ ಈ ಕಾಯ್ದೆಯನ್ನೇ ರದ್ದುಪಡಿಸಬೇಕೆಂದು ಕಳೆದ ವರ್ಷವೇ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯದ ಮೆಟ್ಟಿಲೇರಿದೆ. ಓದುತ್ತಾ ಹೋದಂತೆ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಸಂಜೆ ಮೇಲಿನ ಮಹಡಿಯ ಗೆಳತಿಗೆ ಇದನ್ನೇ ಹೇಳಿದೆ. ಅವಳು ಈಗ ಟರ್ಕಿಯ ಧಾರಾವಾಹಿಗಳಿಗೆ ಧ್ವನಿ ಕೊಟ್ಟು ಜೀವನ ಸಾಗಿಸುತ್ತಿದ್ದಾಳೆ; 2020ರಲ್ಲಿ ಇಲ್ಲಿನ ರಂಗಭೂಮಿ ಮತ್ತು ಚಲನಚಿತ್ರ ಕಲೆಗಳ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಳು. 1865ರಷ್ಟು ಹಳೆಯ ಆ ಸಂಸ್ಥೆಯನ್ನು ಆ ವರ್ಷದ ಸೆಪ್ಟೆಂಬರ್ 1ರಂದು ಸರ್ಕಾರ ನೇಮಿಸಿದ ಮಂಡಳಿಯ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದಾಗ, ವಿದ್ಯಾರ್ಥಿಗಳು ಬಾಗಿಲಿಗೆ ಕೆಂಪು-ಬಿಳಿ ಪಟ್ಟಿ ಕಟ್ಟಿ ಕಟ್ಟಡದೊಳಗೇ ಉಳಿದುಬಿಟ್ಟಿದ್ದರು. ಆ ಪಟ್ಟಿಯ ತುಂಡೊಂದು ಇವಳ ಸೈಕಲ್ಲಿನ ಹ್ಯಾಂಡಲ್‌ಗೆ ಇನ್ನೂ ಸುತ್ತಿಕೊಂಡಿದೆ, ಕೆಂಪು ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಸೆಪ್ಟೆಂಬರ್ 6ರಂದು ಸ್ವಾಯತ್ತತೆಯ ಸನ್ನದು ಕೈಯಿಂದ ಕೈಗೆ ದಾಟುತ್ತಾ ಸಂಸತ್ ಭವನದವರೆಗೆ ಸಾಗಿದಾಗ ಇವಳೂ ಆ ಮಾನವ ಸರಪಳಿಯಲ್ಲಿದ್ದಳು. ಕೊರೊನಾ ಕಾಲ, ಎಲ್ಲರೂ ಮಾಸ್ಕ್ ಧರಿಸಿದ್ದರಿಂದ ತನ್ನ ಕೈಗೆ ಆ ಕಾಗದ ಕೊಟ್ಟವರು ಯಾರೆಂದು ಇವಳಿಗೆ ಇಂದಿಗೂ ಗೊತ್ತಿಲ್ಲ.

"ನಮ್ಮ ಶಾಲೆಯನ್ನು ಯಾರೂ ಮುಚ್ಚಲಿಲ್ಲವಲ್ಲ," ಎಂದಳು. "ಹೆಸರು ಅದೇ, ಕಟ್ಟಡ ಅದೇ. ಯಜಮಾನರು ಮಾತ್ರ ಬೇರೆ."

ಈ ದೇಶದಲ್ಲಿ ನಡೆದದ್ದೆಲ್ಲ ಹೀಗೆಯೇ. ಯಾವ ಸಂಪಾದಕರನ್ನೂ ಜೈಲಿಗೆ ತಳ್ಳಲಿಲ್ಲ. 2018ರ ನವೆಂಬರ್‌ನಲ್ಲಿ ಸರ್ಕಾರಕ್ಕೆ ಬೇಕಾದ ಮಾಲೀಕರು ನಾನೂರಕ್ಕೂ ಹೆಚ್ಚು ಮಾಧ್ಯಮಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನವಾಗಿ ಕೊಟ್ಟರು. ಸರ್ಕಾರ ಆ ವ್ಯವಹಾರವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ್ದರಿಂದ ಸ್ಪರ್ಧಾ ಪ್ರಾಧಿಕಾರ ಅದನ್ನು ಪರಿಶೀಲಿಸುವ ಪ್ರಶ್ನೆಯೇ ಬರಲಿಲ್ಲ. 2020ರ ಜುಲೈಯಲ್ಲಿ ಇಂಡೆಕ್ಸ್ ಸುದ್ದಿತಾಣದ ಪ್ರಧಾನ ಸಂಪಾದಕರನ್ನು ವಜಾ ಮಾಡಿದಾಗ ಎಪ್ಪತ್ತಕ್ಕೂ ಹೆಚ್ಚು ಮಂದಿ ರಾಜೀನಾಮೆ ಕೊಟ್ಟು ಹೊರನಡೆದರು, ಅವರಲ್ಲಿ ಅನೇಕರು ಸೇರಿ ಅಕ್ಟೋಬರ್‌ನಲ್ಲಿ ಓದುಗರ ಹಣದಿಂದ ಟೆಲೆಕ್ಸ್ ಎಂಬ ಹೊಸ ಸುದ್ದಿತಾಣ ಆರಂಭಿಸಿದರು. ಇನ್ನು ಸರ್ಕಾರಿ ಜಾಹೀರಾತಿನ ಮಹಿಮೆ: ನಮ್ಮ ಕಡೆ ಜಿಲ್ಲಾ ಪತ್ರಿಕೆ ನಡೆಸುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನ ಗಾದೆಮಾತನ್ನು ಗೆಳತಿ ಒಪ್ಪಲಿಲ್ಲ. ಈ ಕಾಯ್ದೆ ನಮಗಾಗಿ ಬಂದದ್ದಲ್ಲ, ಇನ್ನೂ ಪೂರ್ತಿ ಸೋಲದವರಿಗಾಗಿ ಬಂದದ್ದು ಎಂಬುದು ಅವಳ ವಾದ. ಬ್ರಾಟಿಸ್ಲಾವಾದ ಕಡೆ ನೋಡು ಎಂದಳು. ಸ್ಲೊವಾಕಿಯಾದಲ್ಲಿ ಕಳೆದ ವರ್ಷ ಜುಲೈ 1ರಂದು ಸಾರ್ವಜನಿಕ ಪ್ರಸಾರ ಸಂಸ್ಥೆಯನ್ನೇ ವಿಸರ್ಜಿಸಿ ಹೊಸ ಹೆಸರಿನಲ್ಲಿ ಮತ್ತೊಂದನ್ನು ಕಟ್ಟಿದರು, ಹಳೆಯ ಮುಖ್ಯಸ್ಥರ ಅವಧಿ ಅಲ್ಲಿಗೆ ಮುಗಿಯಿತು. ಆಗಸ್ಟ್‌ನಲ್ಲಿ ರಾಷ್ಟ್ರೀಯ ರಂಗಮಂದಿರದ ನಿರ್ದೇಶಕರನ್ನೂ ಅದರ ಬೆನ್ನಲ್ಲೇ ರಾಷ್ಟ್ರೀಯ ಕಲಾ ಗ್ಯಾಲರಿಯ ನಿರ್ದೇಶಕಿಯನ್ನೂ ಸಂಸ್ಕೃತಿ ಸಚಿವೆ ತೆಗೆದುಹಾಕಿದರು. ಸಾವಿರಾರು ಜನ ಬೀದಿಗಿಳಿದರು. ಪ್ರಸಾರ ಸಂಸ್ಥೆಗೇನೋ ಈ ಕಾಯ್ದೆ ಆಸರೆಯಾದೀತು. ನಾಟಕಶಾಲೆಗೆ, ಚಿತ್ರಶಾಲೆಗೆ ಅಂಥ ರಕ್ಷಣೆ ಇದರಲ್ಲಿಲ್ಲ ಎಂದು ನಾನು ಪಟ್ಟು ಬಿಡಲಿಲ್ಲ. ಅವಳು ನಕ್ಕಳು. ಅವಳ ಪದವಿ ಪತ್ರದ ಮೇಲಿರುವುದು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಮೊಝಾರ್ಟಿಯಮ್ ಕಲಾ ವಿಶ್ವವಿದ್ಯಾಲಯದ ಮುದ್ರೆ. ಬುಡಾಪೆಸ್ಟ್ ತೊರೆದ ವಿದ್ಯಾರ್ಥಿಗಳು ಓದು ಮುಗಿಸಲೆಂದು ಬಾಗಿಲು ತೆರೆದ ಹೊರದೇಶದ ಸಂಸ್ಥೆಗಳಲ್ಲಿ ಅದೂ ಒಂದು. ಹಾಗೆ ಮಾಡಿ ಎಂದು ಅವರಿಗೆ ಯಾವ ಕಾಯ್ದೆಯೂ ಹೇಳಿರಲಿಲ್ಲ.

ಹೋಗುವಾಗ ಅವಳು ಕೇಳಿದ ಪ್ರಶ್ನೆಯೇ ಈಗ ನಿದ್ದೆ ಕೆಡಿಸಿದೆ. ವಿದೇಶಿ ನೆರವು ಪಡೆದು ಸಾರ್ವಭೌಮತ್ವಕ್ಕೆ ಧಕ್ಕೆ ತರುತ್ತವೆ ಎನ್ನಲಾದ ಸಂಸ್ಥೆಗಳ ಪಟ್ಟಿ ಮಾಡುವ ಮಸೂದೆಯನ್ನು ಇಲ್ಲಿನ ಸಂಸತ್ತಿನಲ್ಲಿ ಮೇ ತಿಂಗಳಲ್ಲಿ ಮಂಡಿಸಿ, ಜೂನ್‌ನಲ್ಲಿ ಶರತ್ಕಾಲಕ್ಕೆ ಮುಂದೂಡಿದ್ದಾರೆ. ಪಟ್ಟಿಗೆ ಸೇರಿದವರಿಗೆ ಜನರು ತಮ್ಮ ಆದಾಯ ತೆರಿಗೆಯ ಶೇ. 1ನ್ನು ಕೊಡುವ ದಾರಿಯೂ ಮುಚ್ಚುತ್ತದೆ. ನಾನು ಸುದ್ದಿತಾಣವೊಂದಕ್ಕೆ ತಿಂಗಳಿಗೆ 2,000 ಫೋರಿಂಟ್ ಕೊಡುತ್ತೇನೆ. ದುಡಿಯುವುದು ಇಲ್ಲಿ, ತೆರಿಗೆ ಕಟ್ಟುವುದು ಇಲ್ಲಿ, ಪಾಸ್‌ಪೋರ್ಟ್ ಮಾತ್ರ ಭಾರತದ್ದು. "ನಿನ್ನ ಹಣವೂ ವಿದೇಶಿ ಹಣವೇ ಅಲ್ಲವೇ?" ಎಂದಳು. ಹಾಗಾದರೆ ಅವರಿಗೆ ನೆರವಾಗಲೆಂದು ನಾನು ಕೊಡುವುದೇ ಅವರ ಮೇಲೆ ಹೊರಿಸುವ ಆರೋಪಕ್ಕೆ ಪುರಾವೆಯಾಗುವುದಾದರೆ, ಮುಂದಿನ ತಿಂಗಳ ಕಂತನ್ನು ನಿಲ್ಲಿಸುವುದೋ, ಅಥವಾ ಗೆಳತಿಯ ಹೆಸರಿನಲ್ಲಿ ಕಳಿಸುವುದೋ?