‘ಇಂಡಿಯಾ’ ಅನ್ನೋ ಐದಕ್ಷರದ ಹಿಂದೆ ಐದು ವಾರ

ಐದು ವಾರ ನಿದ್ದೆ ಕೆಡಿಸಿದ, ಹಳೇ ಸೇನಾ ಟೋಪಿಯ ಬ್ಯಾಡ್ಜಿನ ವಿಷಯ ನಿನ್ನೆ ರಾತ್ರಿ ತೀರ್ಮಾನವಾಯಿತು. ನಕಲಿ. ಹೊಟ್ಟೆ ಉರಿಯುತ್ತಿದೆ. ಆದರೂ ಅದು ಗೊತ್ತಾದ ಬಗೆಯನ್ನು ಬರೆದಿಡದಿದ್ದರೆ ಇಂಥವನ್ನು ಕೂಡಿಡುವ ನಮ್ಮಲ್ಲೇ ಇನ್ನೊಬ್ಬರು ಇದೇ ಗುಂಡಿಗೆ ಬೀಳುತ್ತಾರೆ.

ಆ ಬ್ಯಾಡ್ಜ್ ಸಿಕ್ಕಿಸಬೇಕಿದ್ದ ಮರೂನ್ ಬೆರೆಟ್ (ಪ್ಯಾರಾಚೂಟ್ ಸೈನಿಕರ ಮೆತ್ತನೆ ಉಣ್ಣೆ ಟೋಪಿ) ಕೆಲಸ ಮುಗಿದಿದೆ, ಅದರ ಬಗ್ಗೆ ಹೆಚ್ಚು ಹೇಳಲ್ಲ. ಹುಳ ತಿಂದ ಎರಡು ತೂತುಗಳನ್ನು ಒಳಗಿನಿಂದ ಹೊಲಿದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಟ್ಟೆ. ಹಿತಕಿದ ಅವರೆಬೇಳೆ ಪೊಟ್ಟಣದ ಪಕ್ಕ ಅದನ್ನು ಕಂಡು ಅಮ್ಮ, “ಇದಕ್ಕೂ ಒಗ್ಗರಣೆ ಹಾಕ್ಬೇಕೇನೋ?” ಅಂದರು. ಆಮೇಲೆ ಆಕಾರ ಕೊಡೋಕೆ ಬಿಸಿನೀರು, ಬಲಕ್ಕೆ ಎಳೆಯೋದು, ಒಣಗಿಸೋದು ಎಲ್ಲ ಮಾಮೂಲು.

ಆ ಬೆರೆಟ್‌ಗೆ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಬ್ಯಾಡ್ಜ್: 1945ರ ಇಂಡಿಯನ್ ಪ್ಯಾರಾಚೂಟ್ ರೆಜಿಮೆಂಟಿನದು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇವತ್ತು ಇರೋದು ನಮ್ಮ ಬೆಂಗಳೂರಿನಲ್ಲೇ. ಬಸ್ ನಿಲ್ದಾಣದಲ್ಲಿ ಮರೂನ್ ಟೋಪಿಯ ಯೋಧರೊಬ್ಬರು ಕಂಡರೆ ಈಗಲೂ ಬಸ್ ಬಿಟ್ಟು ನಿಂತು ನೋಡುವವನು ನಾನು. ಈಗಿನ ಬ್ಯಾಡ್ಜಿನಲ್ಲಿ ತೆರೆದ ಪ್ಯಾರಾಚೂಟ್, ಚಾಚಿದ ರೆಕ್ಕೆ, ನಡುವೆ ನೆಟ್ಟಗೆ ನಿಂತ ಕಠಾರಿ ಇವೆ. ಅದು ಎಲ್ಲರ ಬಳಿಯೂ ಇದೆ. ಅದಕ್ಕೆ ಹಿಂದಿನದು ಬೇರೆ ಕಥೆ. 50ನೇ ಪ್ಯಾರಾಚೂಟ್ ಬ್ರಿಗೇಡ್ 1941ರಲ್ಲೇ ದೆಹಲಿಯಲ್ಲಿ ಹುಟ್ಟಿತ್ತು. 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನಿ ಸೇನೆಯನ್ನು ದಿನಗಟ್ಟಲೆ ತಡೆದು ನಿಲ್ಲಿಸಿದವರು ಇವರೇ. ಆದರೆ ‘ಇಂಡಿಯನ್ ಪ್ಯಾರಾಚೂಟ್ ರೆಜಿಮೆಂಟ್’ ಅಂತ ಹೆಸರು ಬಂದದ್ದು 1945ರ ಮಾರ್ಚ್ 1ರಂದು. 1946ರ ಕೊನೆಗೆ ಅದನ್ನು ವಿಸರ್ಜಿಸಿಯೂ ಆಯಿತು. ಎರಡು ವರ್ಷವೂ ತುಂಬದ ರೆಜಿಮೆಂಟ್, ನಾಲ್ಕೇ ಬೆಟಾಲಿಯನ್. ಬ್ಯಾಡ್ಜ್ ಬ್ರಿಟಿಷ್ ಪ್ಯಾರಾಚೂಟ್ ರೆಜಿಮೆಂಟಿನದೇ: ರೆಕ್ಕೆ, ಪ್ಯಾರಾಚೂಟ್, ಮೇಲೆ ಕಿರೀಟ, ಕಿರೀಟದ ಮೇಲೆ ಸಿಂಹ. ಬೇರೆ ಇದ್ದದ್ದು ಪ್ಯಾರಾಚೂಟಿನ ಬುಡದ ‘ಇಂಡಿಯಾ’ ಅನ್ನುವ ಐದು ಇಂಗ್ಲಿಷ್ ಅಕ್ಷರ ಮಾತ್ರ.

ನಕಲಿ ಮಾಡುವವನಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದು? ಬ್ರಿಟಿಷ್ ಬ್ಯಾಡ್ಜ್ ಸಿಗುತ್ತದೆ. ಐದು ಅಕ್ಷರ ಸೇರಿಸಿದರೆ ಬೆಲೆ ಎಷ್ಟೋ ಪಟ್ಟು. ಅದು ಗೊತ್ತಿದ್ದೂ ಅಂಥದ್ದೊಂದನ್ನು ಕೊಂಡೆ. ಯಾಕೆ ಅಂದರೆ ಕಿರೀಟ ಸರಿಯಾಗಿತ್ತು, ದುಂಡು ಕಮಾನಿನ ರಾಜನ ಕಿರೀಟ. ಮಧ್ಯ ತಗ್ಗಿದ, ಎಲಿಜಬೆತ್ ರಾಣಿಯ ಕಾಲದ ಕಿರೀಟ ಇದ್ದಿದ್ದರೆ 1953ರ ಆಚೆಯದ್ದು ಅಂತ ಅಲ್ಲೇ ಬಿಟ್ಟುಬಿಡುತ್ತಿದ್ದೆ. ಇನ್ನೊಂದು ಕಾರಣ ಸವೆತ. ಸಿಂಹದ ಮುಖ ಪೂರ್ತಿ ನುಣ್ಣಗಾಗಿತ್ತು. ವರ್ಷಗಟ್ಟಲೆ ಬ್ರಾಸೊ (ಲೋಹದ ಪಾಲಿಶ್) ಹಾಕಿ ಉಜ್ಜಿದರೆ ಮಾತ್ರ ಬರುವ ಸವೆತ ಅದು. ಆಸಿಡ್ಡಿನಲ್ಲಿ ಅದ್ದಿದರೆ ಹಾಗೆ ಬರಲ್ಲ, ಎತ್ತರದ ಭಾಗವಷ್ಟೇ ಹೀಗೆ ಕರಗಲ್ಲ. ಅದನ್ನು ನೋಡಿ ನಂಬಿದೆ.

ಪಾರ್ಸೆಲ್ ಬಿಚ್ಚಿ ತಿರುಗಿಸಿದಾಗ ಮೊದಲ ಏಟು. ತಗಡಿನ ಮೇಲೆ ಅಚ್ಚೊತ್ತಿದ ಬ್ಯಾಡ್ಜ್ ಆಗಿದ್ದರೆ ಮುಂದಿನ ಉಬ್ಬಿಗೆ ಹಿಂದೆ ತಗ್ಗು ಇರಬೇಕು. ಇಲ್ಲಿ ಹಿಂಬದಿ ಚಪ್ಪಟೆ, ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಗುಳಿ. ಅಂದರೆ ಎರಕ, ಲೋಹ ಕರಗಿಸಿ ಅಚ್ಚಿಗೆ ಹೊಯ್ದದ್ದು. ಇಂಗ್ಲೆಂಡಿನ ಸಂಗ್ರಾಹಕರನ್ನು ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು, ‘ಎರಕ ಅಂದರೆ ನಕಲಿ’. ನಮ್ಮಲ್ಲಿ ಆ ನಿಯಮ ನಡೆಯಲ್ಲ. ಯುದ್ಧಕಾಲದಲ್ಲಿ ಭಾರತದ ಬಜಾರುಗಳಲ್ಲೇ ಮರಳಿನ ಅಚ್ಚಿಗೆ ಹೊಯ್ದ ಬ್ಯಾಡ್ಜುಗಳನ್ನು ಹಾಕಿಕೊಂಡು ಕಾದಾಡಿದವರಿದ್ದಾರೆ. ಅವು ಒರಟು, ಆದರೆ ಅಪ್ಪಟ. ಮಾರಿದವನೂ ಅದೇ ರಾಗ ಹಾಡಿದ: “ಸ್ಥಳೀಯ ತಯಾರಿಕೆ, ಅದಕ್ಕೇ ಅಪರೂಪ.” ಈ ಮಾತು ಸುಳ್ಳಾಗಿರಲೇಬೇಕು ಅಂತಿಲ್ಲವಲ್ಲ, ಅದೇ ನನ್ನನ್ನು ಮೂರು ವಾರ ತಿಂದಿತು.

ಕೊನೆಗೆ ನಗರ್ತಪೇಟೆಯ ಅಕ್ಕಸಾಲಿಗರೊಬ್ಬರ ಹತ್ತಿರ ಒಯ್ದೆ. ಹಿಂದೊಮ್ಮೆ ಬ್ಯಾಡ್ಜಿನ ಹಿಂದೆ ಕಿತ್ತುಹೋದ ಲಗ್‌ಗೆ (ಟೋಪಿಗೆ ಸಿಕ್ಕಿಸುವ ಕೊಂಡಿ) ಬೆಸುಗೆ ಹಾಕಿಕೊಟ್ಟವರು. ಉಗುರಿನಲ್ಲಿ ಅಂಚು ಸವರಿ, “ರಬ್ಬರ್ ಅಚ್ಚು ತೆಗ್ದು ಮೇಣದಲ್ಲಿ ಹೊಯ್ದಿದಾರೆ ಸಾರ್. ಮೂಲದ್ದು ನಿಮ್ ಹತ್ರ ಇದ್ರೆ ಅಳೆದು ನೋಡಿ. ಮೇಣ ಆರುವಾಗ ಒಂಚೂರು, ಲೋಹ ಆರುವಾಗ ಒಂಚೂರು ಕುಗ್ಗೇ ಕುಗ್ಗತ್ತೆ” ಅಂದರು. ನೂರಕ್ಕೆ ಒಂದೂವರೆಯೋ ಎರಡೋ ಅಂತ ಅವರ ಲೆಕ್ಕ.

ಮನೆಗೆ ಓಡಿದೆ. ನನ್ನ ಹಳೇ ಬ್ರಿಟಿಷ್ ಬ್ಯಾಡ್ಜಿಗೂ ಇದಕ್ಕೂ ವರ್ನಿಯರ್ ಅಳತೆಗೋಲು ಹಿಡಿದೆ. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮಿಲಿಮೀಟರ್‌ಗಿಂತ ಚೂರು ಹೆಚ್ಚೇ ಇದು ಚಿಕ್ಕದು. ಕಿರೀಟದ ಅಗಲವೂ ಅದೇ ಪ್ರಮಾಣದಲ್ಲಿ ಕಡಿಮೆ. ಅಂದರೆ ಇದು ಬ್ರಿಟಿಷ್ ಬ್ಯಾಡ್ಜಿನ ಮೇಲಿಂದ ತೆಗೆದ ಎರಕವೇ.

ಗೆದ್ದೆ ಅಂದುಕೊಂಡು ಮಲಗಿದವನು ಮಧ್ಯರಾತ್ರಿ ಎದ್ದು ಕೂತೆ. 1945ರ ಬಜಾರಿನ ಕಮ್ಮಾರ ಮಾತ್ರ ಏನು ಮಾಡಿರುತ್ತಾನೆ? ಅವನೂ ಬ್ರಿಟಿಷ್ ಬ್ಯಾಡ್ಜನ್ನೇ ಅಚ್ಚಿಗೆ ಇಟ್ಟು, ಅಕ್ಷರ ಸೇರಿಸಿ ಹೊಯ್ದಿರಬಹುದು. ಅವನದ್ದೂ ಕುಗ್ಗಿರುತ್ತದೆ! ಅಳತೆಯಿಂದ ಎರಕ ಅಂತ ಸಾಬೀತಾಯಿತೇ ಹೊರತು ಯಾವ ಕಾಲದ್ದು ಅಂತ ಅಲ್ಲ. ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತೆ.

ಉತ್ತರ ಸಿಕ್ಕಿದ್ದು ನಾನು ನಂಬಿ ಕೊಂಡ ಆ ಸವೆತದಲ್ಲೇ. ಓರೆಯಾಗಿ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಸಿಂಹಕ್ಕೆ ಮುಖವಿಲ್ಲ, ಕಿರೀಟದ ಮುತ್ತುಗಳು ಒಂದಕ್ಕೊಂದು ಕರಗಿಹೋಗಿವೆ, ರೆಕ್ಕೆಯ ಮೇಲಂಚಿನ ಗರಿಗಳೂ ನುಣುಪು. ಆದರೆ ‘ಇಂಡಿಯಾ’? ಅಕ್ಷರದ ಅಂಚು ಬೆರಳಿಗೆ ಚುಚ್ಚುವಷ್ಟು ಚೂಪು. ಒಂದೇ ಬಟ್ಟೆ, ಒಂದೇ ಕೈ ಉಜ್ಜಿದ್ದರೆ ಎದ್ದುನಿಂತ ಅಕ್ಷರವನ್ನು ಬಿಟ್ಟು ಸಿಂಹವನ್ನಷ್ಟೇ ಉಜ್ಜುವುದು ಹೇಗೆ? ಸವೆತ ನಿಜವಾದದ್ದೇ, ಆದರೆ ಈ ಬ್ಯಾಡ್ಜಿನದಲ್ಲ. ಯಾವನೋ ಬ್ರಿಟಿಷ್ ಸಿಪಾಯಿ ವರ್ಷಗಟ್ಟಲೆ ಉಜ್ಜಿ ಸವೆಸಿದ ಬ್ಯಾಡ್ಜನ್ನು ಅಚ್ಚಿಗೆ ಇಟ್ಟಿದ್ದಾರೆ, ಅವನ ಉಜ್ಜಾಟವೂ ಎರಕದಲ್ಲಿ ಇಳಿದು ಬಂದಿದೆ. ಮೂಲ ವಿನ್ಯಾಸ ಬಳಕೆಗೆ ಬಂದದ್ದೇ 1943ರಲ್ಲಿ. ಎರಡು ವರ್ಷದ ಬ್ಯಾಡ್ಜಿನಲ್ಲಿ ಸಿಂಹದ ಮುಖ ಹಾಗೆ ಅಳಿಸಿಹೋಗಲ್ಲ. 1945ರ ಕಮ್ಮಾರನ ಕೈಗೆ ಸಿಗುತ್ತಿದ್ದದ್ದು ಮೀಸೆ ಮೂಗು ಎಲ್ಲ ಸ್ಪಷ್ಟವಾಗಿದ್ದ ಸಿಂಹ. ಅಕ್ಷರ ಸೇರಿದ್ದು ಸವೆದ ಮೇಲೆ, ಅಂದರೆ ರೆಜಿಮೆಂಟೇ ಇಲ್ಲವಾದ ಎಷ್ಟೋ ಕಾಲದ ಮೇಲೆ.

ನಿನ್ನೆ ಮಾರಾಟಗಾರ ಅದೇ ಬ್ಯಾಡ್ಜಿನ ಇನ್ನೊಂದನ್ನು ಮಾರಾಟಕ್ಕೆ ಇಟ್ಟ. ಫೋಟೋ ಹಿಗ್ಗಿಸಿದೆ. ಎಡ ರೆಕ್ಕೆಯ ಮೂರನೇ ಗರಿಯಲ್ಲಿ ಒಂದು ಕಚ್ಚು. ನನ್ನದರಲ್ಲೂ ಅಲ್ಲೇ, ಅದೇ ಓರೆಯಲ್ಲಿ. ಎರಡು ಫೋಟೋ ಜೋಡಿಸಿ ಕಳಿಸಿದೆ. “ಮಾರಿದ ಮಾಲು ವಾಪಸ್ ಇಲ್ಲ” ಅಂತ ಒಂದೇ ಸಾಲು ಬಂತು. 3,500 ರೂಪಾಯಿ ಹೋಯಿತು. ಹಣಕ್ಕಿಂತ ಸಂಕಟ ಬೇರೆ. ಸಾಂಗ್‌ಶಾಕ್‌ನಲ್ಲಿ ನೀರಿಲ್ಲದೆ ಕಾದಾಡಿದವರ ಹೆಸರನ್ನು ಹೀಗೆ ರಬ್ಬರ್ ಅಚ್ಚಿನಲ್ಲಿ ಹೊಯ್ದು ಮಾರುತ್ತಾರಲ್ಲ, ಅದಕ್ಕೆ ಸಿಟ್ಟು ಬರುತ್ತದೆ.

ಬ್ಯಾಡ್ಜಿನ ಹಿಂದೆ ‘ಎರಕ, ನಕಲಿ’ ಅಂತ ಅಳಿಸದ ಶಾಯಿಯಲ್ಲಿ ಬರೆದು ಬೇರೆ ಡಬ್ಬಿಗೆ ಹಾಕಿದ್ದೇನೆ. ನಾನಿಲ್ಲದ ಕಾಲಕ್ಕೆ ಅದು ಇನ್ನೊಬ್ಬರ ಕೈಗೆ ಅಸಲಿ ಅಂತ ಹೋಗಬಾರದು.

ಈ ನಡುವೆ ತಲೆಗೆ ಬೇರೆ ಹುಳ ಹೊಕ್ಕಿದೆ: ಗಂಡಭೇರುಂಡ. ಮೈಸೂರು ಸಂಸ್ಥಾನದ ಪಡೆಗಳ ಬ್ಯಾಡ್ಜು, ಸಮವಸ್ತ್ರದ ಗುಂಡಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಜೋಧ್‌ಪುರದವರ ಜೊತೆ ಸೇರಿ ಗೆದ್ದ ಮೈಸೂರು ಲ್ಯಾನ್ಸರ್ಸ್ (ಭರ್ಜಿಯ ಕುದುರೆಪಡೆ) ನಮ್ಮವರು, ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ಒಂದು ಗುಂಡಿ ಆಗಲೇ ಕಣ್ಣಿಗೆ ಬಿದ್ದಿದೆ. ಈ ಸಲ ಕೈಗೆ ಬಂದ ತಕ್ಷಣ ಎರಡು ತಲೆಯ ಕೊಕ್ಕು ನೋಡುತ್ತೇನೆ, ಆಮೇಲೆ ಅದರ ಸುತ್ತಲಿನ ಅಂಚು, ಎರಡೂ ಒಂದೇ ಸಮ ಸವೆದಿವೆಯೋ ಅಂತ.

‘ಇಂಡಿಯಾ’ ಬ್ಯಾಡ್ಜ್ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಸ್ಕೇಲ್ ಪಕ್ಕದಲ್ಲಿಟ್ಟು ಮುಂದಿನದು ಹಿಂದಿನದು ಎರಡೂ ಫೋಟೋ ತೆಗೆಯಿರಿ. ರೆಕ್ಕೆಯ ಅಗಲ, ಸಿಂಹದ ಮುಖ, ಎಡಗಡೆಯ ಮೂರನೇ ಗರಿ, ಇಷ್ಟು ಸಾಕು. ಅಲ್ಲಿಯವರೆಗೆ ಮರೂನ್ ಬೆರೆಟ್ ಬ್ಯಾಡ್ಜಿಲ್ಲದೆಯೇ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ.