ಬಾಲದಡಿ ಬಿಳಿ ಕಂಡರೆ ಸಾಕಾ?

ಬೆಳಗ್ಗೆ ಗೆಳೆಯರೊಬ್ಬರು ಕೆರೆಯ ಫೋಟೋ ಕಳಿಸಿದ್ರು. ಕಂದು ಬಾತು, ಬಾಲದಡಿ ಬಿಳಿ. 'ಫೆರುಜಿನಸ್ ಡಕ್ ಅನ್ನೋ ಬಾತು ತಾನೆ?' ಅಂತ ಕೇಳಿದ್ರು.

ಕಣ್ಣು ನೋಡಿ ಸ್ವಾಮಿ. ಹಳದಿ!

ಅದು ಹೆಣ್ಣು ಟಫ್ಟೆಡ್ ಡಕ್, ಜುಟ್ಟಿರೋ ಇನ್ನೊಂದು ಜಾತಿಯ ಬಾತು. ಫೆರುಜಿನಸ್ ಗಂಡಿಗೆ ಬಿಳಿ ಕಣ್ಣು, ಹೆಣ್ಣಿಗೆ ಕಡುಗಂದು. ಹಳದಿ ಬರೋದೇ ಇಲ್ಲ. (ಟಫ್ಟೆಡ್ ಮರಿಗಳ ಕಣ್ಣು ಮೊದಮೊದಲು ಮಂಕು, ಅಲ್ಲಿ ಎಡವೋದು ಸಹಜ.)

ಬಾಲದಡಿಯ ಬಿಳಿ ಮೋಸ ಮಾಡುತ್ತೆ. ಕೆಲವು ಹೆಣ್ಣು ಟಫ್ಟೆಡ್‌ಗಳಿಗೂ ಅದು ಇರುತ್ತೆ, ಆದರೆ ಅಂಚು ಕಲಸಿದ ಹಾಗೆ. ಫೆರುಜಿನಸ್‌ದು ಸುಣ್ಣ ಬಳಿದಂಥ ಬಿಳಿ, ಸುತ್ತ ಕಪ್ಪು ಗೆರೆ.

ಕಣ್ಣು ಕಾಣದಷ್ಟು ದೂರವಿದ್ರೆ ಕೊಕ್ಕಿನ ತುದಿ ನೋಡಿ. ಟಫ್ಟೆಡ್‌ಗೆ ತುದಿಯುದ್ದಕ್ಕೂ ಅಗಲ ಕಪ್ಪು. ಫೆರುಜಿನಸ್‌ಗೆ ಬಹುತೇಕ ತುದಿಯ ನಡುವಿನ 'ಉಗುರು' (ಕೊಕ್ಕಿನ ತುದಿಯ ಗಟ್ಟಿ ಭಾಗ) ಮಾತ್ರ ಕಪ್ಪು.

ತಲೆಯ ಆಕಾರವೂ ಸುಳಿವೇ. ಫೆರುಜಿನಸ್‌ದು ನೆತ್ತಿ ಎತ್ತರ, ಹಣೆ ಇಳಿಜಾರು. ಟಫ್ಟೆಡ್‌ದು ಚೌಕ, ಹಿಂದೆ ಗಿಡ್ಡ ಜುಟ್ಟಿನ ಕುರುಹು. ಆದರೆ ಮುಳುಗೋ ಭರಾಟೆಯಲ್ಲಿ ಗರಿ ಒತ್ತಿಕೊಂಡು ಜುಟ್ಟೂ ಇಲ್ಲ, ನೆತ್ತಿಯೂ ಇಲ್ಲ, ಎಲ್ಲಾ ಚಪ್ಪಟೆ.

ಆ ಫೋಟೋದಲ್ಲೂ ಅಷ್ಟೇ, ಬೆನ್ನ ಮೇಲೆ ನೀರಿನ ಹನಿ ಇನ್ನೂ ಉರುಳ್ತಾ ಇತ್ತು. ಒಂದೆರಡು ನಿಮಿಷ ಕಾದು, ಸುಮ್ಮನೆ ತೇಲೋವಾಗ ಕ್ಲಿಕ್ಕಿಸಿದ್ದಿದ್ರೆ ಜುಟ್ಟು ಕಾಣ್ತಿತ್ತು.